ಕೆಫಿಸೋಸ್ ಸೇತುವೆಯ ಲೇವಡಿ

ಅಥೆನ್ಸ್, ಮೆಲಿತೆ ಕೇರಿ
ಬೋಎದ್ರೋಮಿಯೋನ್ ಮಾಸದ ಕೊನೆಯ ದಿನ

ಪ್ರೀತಿಯ ತಮ್ಮ ಎವಾಯೋನನಿಗೆ,

ಅಕ್ಕ ಮಿಕಾಳ ಆಶೀರ್ವಾದ. ಓಲೆ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಸಿಟ್ಟಿನಲ್ಲಿ ಬರೆದು ಬರೆದು ಹರಿದೆ. ಸಿಟ್ಟು ಇಳಿಯುವ ಹಾಗೆ ಕಾಣಲಿಲ್ಲ, ಇದ್ದಂತೆಯೇ ಕಳಿಸುತ್ತಿದ್ದೇನೆ. ನಾನೂ ಮಕ್ಕಳೂ ಚೆನ್ನಾಗಿದ್ದೇವೆ. ಈ ಸಲ ಆಲಿವ್ ಮರಗಳು ತುಂಬ ಕಾಯಿ ಬಿಟ್ಟಿವೆ. ಅಪ್ಪ ಮಾತ್ರ ಎಣ್ಣೆ ಅಂಗಡಿಯ ಬಾಗಿಲು ತೆಗೆದಿಲ್ಲ.

ನೀನು ಊರಾಚೆಯ ತೋಟದಲ್ಲಿ ಗುರುಗಳ ಮುಂದೆ ಕೂತಿರುವವನು, ನಿನಗೆ ಸುದ್ದಿ ಮುಟ್ಟಿತೋ ಇಲ್ಲವೋ. ಎಲೆಫ್ಸಿಸ್ ದೇವಿಯ ಮೆರವಣಿಗೆ ಕೆಫಿಸೋಸ್ ಹೊಳೆಯ ಸೇತುವೆ ದಾಟುವಾಗ, ಮುಸುಕು ಹಾಕಿಕೊಂಡವರು ಕೂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬಯ್ಯುತ್ತಾರಲ್ಲ, ಅದು ಇದ್ದದ್ದೇ. ಬೈಸಿಕೊಂಡವರು ತಿರುಗಿ ಮಾತಾಡುವಂತಿಲ್ಲ, ಅದು ದೇವಿಗೆ ಸಲ್ಲುವ ಬೈಗುಳ. ನನಗೂ ಬಿತ್ತು. "ಏ ಮಿಕಾ, ನಿನ್ ರೊಟ್ಟಿ ತಿನ್ನೋಕಿಂತ ಸಮುದ್ರಕ್ಕೆ ಬೀಳೋದೇ ವಾಸಿ ಅಂತ ನಿನ್ ಗಂಡ ಹಡಗು ಹತ್ತಿದ್ನಂತೆ!" ನಾನೂ ನಕ್ಕೆ.

ಆಮೇಲೆ ಅಪ್ಪನ ಸರದಿ. "ಬಂದ್ರು ನೋಡ್ರಪ್ಪಾ, ಎಣ್ಣೆ ಫಿಲಾಗ್ರೋಸ್ ಸಾಹುಕಾರ್ರು! ಇವ್ರು ಬೆಲೆ ಹೇಳಿ ಮುಗ್ಸೋದ್ರೊಳಗೆ ಎಣ್ಣೆ ಕಮಟು ಹಿಡಿಯುತ್ತೆ!" ಅಪ್ಪ ತೊದಲುವುದು ಊರಿಗೇ ಗೊತ್ತು, ಅಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆ ಮುಸುಕಿನ ಪಾಪಿ ಎದೆ ಹಿಡಿದುಕೊಂಡು, ಅಳುವ ದನಿಯಲ್ಲಿ "ಕ್ತೇ... ಕ್ತೇ... ಕ್ತೇ..." ಎಂದು ಅಣಕಿಸಿದ. ಅಮ್ಮನ ಹೆಸರು ಕಣೋ! ಸತ್ತುಹೋದ ಕ್ತೇಸಿಲ್ಲಾಳ ಹೆಸರು! ಜನ ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕ. ನಗಲೇಬೇಕಲ್ಲ, ಪದ್ಧತಿ.

ಹೋದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಅಂಜೂರ ತಿನ್ನುತ್ತಾ ನಿಮ್ಮ ಗುರುಗಳ ಪಾಠ ಒಪ್ಪಿಸಿದೆಯಲ್ಲ. "ಅಕ್ಕಾ, ಯಾರಿಗೂ ನೋವು ಮಾಡದ ಐಬು ಕಂಡ್ರೆ ನಗು ಬರುತ್ತೆ. ನಾಟಕದ ಮುಖವಾಡ ಸೊಟ್ಟಗಿರುತ್ತೆ, ಆದ್ರೆ ಅದಕ್ಕೆ ನೋಯಲ್ಲ, ಅದಕ್ಕೇ ನಗ್ತೀವಿ." ನೋಯುತ್ತದೋ ಇಲ್ಲವೋ ಎಂದು ತೀರ್ಮಾನ ಮಾಡುವವರು ಯಾರಪ್ಪ, ನಕ್ಕವರಾ? ತಿರುಗಿ ಹೊಡೆಯಲಾರದವನನ್ನು ಕಂಡೇ ಜನ ನಗುವುದು, ಆ ಸುಖದಲ್ಲಿ ಹೊಟ್ಟೆಕಿಚ್ಚೂ ಬೆರೆತಿರುತ್ತದೆ ಎಂದು ನಿಮ್ಮ ಗುರುಗಳಿಗಿಂತ ಹಿಂದಿನವರು ಹೇಳಿದ್ದರಂತೆ. ಅದನ್ನೂ ನೀನೇ ಹೇಳಿದೆ, "ಹಳೇ ಕಾಲದ ಮಾತು ಬಿಡು" ಎಂದು ಕೈ ಒರೆಸಿಕೊಂಡೆ. ನಗೆಯನ್ನು ಇಷ್ಟು ಸೀಳಿ ನೋಡುವವರಿಗೆ ಎದುರಿಗಿರುವ ಮನುಷ್ಯನ ಮುಖ ಕಾಣುವುದಿಲ್ಲವೆಂದರೆ ನಿಮ್ಮ ವಿದ್ಯೆಗಿಷ್ಟು ಬೆಂಕಿ ಹಾಕ!

ಮನೆಗೆ ಬಂದ ಅಪ್ಪ ಗೋಡೆಗೆ ಮುಖ ಮಾಡಿ ಕೂತ. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಬಾರ್ಲಿ ಗಂಜಿ ಕೈಗಿಟ್ಟರೆ ಕುಡಿಯುತ್ತಾನೆ. ಗಿರಾಕಿಗಳು ಬಾಗಿಲು ತಟ್ಟಿ ತಟ್ಟಿ ಪಕ್ಕದ ಅಂಗಡಿಗೆ ಹೋಗುತ್ತಿದ್ದಾರೆ.

ಚಳಿ ಶುರುವಾಗುತ್ತಿದೆ, ಮೈ ಜೋಪಾನ. ಎಲೆಫ್ಸಿಸ್ಸಿನ ದೇವಿಯರು, ತಾಯಿ ಮಗಳಿಬ್ಬರೂ ನಿನ್ನನ್ನು ಕಾಯಲಿ, ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಮಿಕಾ

ಇನ್ನೊಂದು ಮಾತು. ಅಮ್ಮನ ಸಮಾಧಿಯ ಮುಂದೆ ಅವಳ ಹೆಸರು ಕೂಗಲು ಹೋಗಿ ಅಪ್ಪ ಹಾಗೆ ತೊದಲಿದ್ದನ್ನು ಕೇಳಿದವರು ನೀನು, ನಾನು, ಇಬ್ಬರೇ. ಮುಸುಕು ಹಾಕಿಕೊಂಡರೆ ನಿನ್ನ ಗಂಟಲು ನನಗೆ ಗೊತ್ತಾಗುವುದಿಲ್ಲವೇನೋ? ಅಪ್ಪನಿಗೂ ಗೊತ್ತಾಗಿದೆ. ಅಜ್ಜನ ಹೆಸರಿಡುವ ಪದ್ಧತಿ ಮುರಿದು, ನೆಂಟರ ಕೈಲೆಲ್ಲ ಬೈಸಿಕೊಂಡು, ತನ್ನ ನಾಲಿಗೆ ಎಡವದ ಹೆಸರೊಂದನ್ನು ಹುಡುಕಿ ನಿನಗಿಟ್ಟವನು ಅವನು. ಇವತ್ತು ಬೆಳಿಗ್ಗೆ ನಿನ್ನನ್ನು ಕರೆಯಲು ಬಾಯಿ ತೆರೆದ. "ಎ... ಎ... ಎ..." ಮುಂದಕ್ಕೆ ಬರಲಿಲ್ಲ ಕಣೋ.