ಸುಮ್ಮನೆ ಕೂತವರ ವಿಚಾರಣೆ

ವಿದೇಶೀಯರ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನೀವು ತಪಾಸಣೆಗೆ ಕಳಿಸಿದ ಇಬ್ಬರು ಅಧಿಕಾರಿಗಳು ನನ್ನ ಗೆಳತಿಯನ್ನು ಧ್ಯಾನದ ಕೋಣೆಯಿಂದ ಎಬ್ಬಿಸಿಕೊಂಡು ಹೋದರು. ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ ಹೇಳಲಿಲ್ಲ ಎನ್ನುವುದೇ ಆಕೆಯ ಅಪರಾಧ. ಈಗ ಆಕೆಯನ್ನು ದೇಶದಿಂದಲೇ ಹೊರಗೆ ಹಾಕಿದ್ದೀರಿ. ನನ್ನ ವಿಚಾರಣೆ ಬರುವ ಸೋಮವಾರ. ಈ ಮಾತುಗಳನ್ನು ನಿಮ್ಮ ಕಚೇರಿಗೆ ಬರೆಯದೆ ಪತ್ರಿಕೆಗೆ ಬರೆಯುತ್ತಿರುವುದು ಧೈರ್ಯದಿಂದ ಎಂದು ಯಾರೂ ತಿಳಿಯಬಾರದು. ಹೆದರಿಕೆಯಿಂದಲೇ ಬರೆಯುತ್ತಿದ್ದೇನೆ. ಒಬ್ಬಳೇ ಮೂಲೆಯಲ್ಲಿ ಕೂತು ಹೆದರುವುದಕ್ಕಿಂತ ನಾಲ್ಕು ಜನರ ಕಣ್ಣೆದುರು ಹೆದರುವುದು ವಾಸಿ ಅನ್ನಿಸಿತು.

ನಮ್ಮದು ಬೌದ್ಧ ಸಂಘವೊಂದು ನಡೆಸುವ ಚಿಕ್ಕ ವಿಶ್ವವಿದ್ಯಾಲಯ. ಹಿಂದೆ ಮೇಜು ಕುರ್ಚಿಗಳ ಗೋದಾಮಾಗಿದ್ದ ಕಟ್ಟಡ. ಕೆಳಗೆ ಅಡುಗೆಮನೆ ಮತ್ತು ಗ್ರಂಥಾಲಯ ಅಕ್ಕಪಕ್ಕದಲ್ಲಿರುವುದರಿಂದ ನಮ್ಮ ಪುಸ್ತಕಗಳಿಗೆಲ್ಲ ಒಗ್ಗರಣೆಯ ವಾಸನೆ. ನಡುವಿನ ಅಂತಸ್ತಿನಲ್ಲಿ ತರಗತಿಗಳು, ಮೇಲೆ ಧ್ಯಾನದ ಕೋಣೆ. ನಡೆಸುವವರು ಒಬ್ಬ ಹಿರಿಯ ಭಿಕ್ಷುಣಿ. ನಾನು ಬಂದ ಹೊಸತರಲ್ಲಿ ಬಾಯಿತಪ್ಪಿ ಅವರನ್ನು 'ದೊಡ್ಡಮ್ಮ' ಎಂದೆ. ಅರ್ಥ ಗೊತ್ತಿಲ್ಲದವರೂ ಈಗ ಹಾಗೇ ಕರೆಯುತ್ತಾರೆ. ನಾವು ಕೊಡುವ ಪದವಿಗೆ ನಿಮ್ಮದೇ ಸರ್ಕಾರದ ಮಾನ್ಯತೆ ಇದೆ. ಇದನ್ನು ನಿಮಗೆ ನೆನಪಿಸಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ.

ಇಲ್ಲಿಗೆ ಬರುವ ಮೊದಲು ನಮ್ಮೂರಿನಲ್ಲಿ ನಾನು ಆಂಬುಲೆನ್ಸ್‌ಗೆ ಬರುವ ಫೋನ್ ಕರೆಗಳನ್ನು ತೆಗೆದುಕೊಳ್ಳುವ ಕೆಲಸದಲ್ಲಿದ್ದೆ. ವರ್ಷಗಟ್ಟಲೆ ಜನರ ಚೀರಾಟ ಕೇಳಿದವಳು. ಗಾಡಿ ಕಳಿಸುವುದನ್ನು ಕಲಿತಿದ್ದೆ, ಗಾಡಿ ಬರುವ ತನಕ ಆ ಮನುಷ್ಯರ ಜೊತೆ ಹೇಗಿರಬೇಕು ಎಂಬುದನ್ನು ಕಲಿತಿರಲಿಲ್ಲ. ಸಾವಿನ ಹತ್ತಿರ, ಸಂಕಟದ ಹತ್ತಿರ ಇರುವವರ ಪಕ್ಕದಲ್ಲಿ ಕೂರುವುದನ್ನು ಇಲ್ಲಿ ಎರಡು ವರ್ಷ ಕಲಿಸುತ್ತಾರೆಂದು ತಿಳಿದು ಅರ್ಜಿ ಹಾಕಿದೆ. ನಮ್ಮಣ್ಣ ಫೋನಿನಲ್ಲಿ ಕಿಚಾಯಿಸಿದ್ದ: "ಅಲ್ಲ ಕಣೇ, ಸುಮ್ಮನೆ ಕೂರೋದನ್ನ ಕಲಿಯೋಕೆ ವಿಮಾನ ಹತ್ತಬೇಕಿತ್ತಾ? ನಮ್ಮನೆ ಸೋಫಾ ಏನ್ ಪಾಪ ಮಾಡಿತ್ತು?" ಆಗ ನಕ್ಕಿದ್ದೆ. ಅಂಥದೇ ಪ್ರಶ್ನೆಯನ್ನು ನಿಮ್ಮ ಅಧಿಕಾರಿ ಕೇಳಿದಾಗ ನಗು ಬರಲಿಲ್ಲ.

ಗೆಳತಿಯ ವಿಷಯಕ್ಕೆ ಬರುತ್ತೇನೆ. ಬೇರೆ ದೇಶದ ಹುಡುಗಿ, ನನ್ನ ಕೋಣೆಯವಳು. ಸಣ್ಣ ಮೈಕಟ್ಟು, ಯಾವಾಗಲೂ ಏನಾದರೂ ಮೆಲ್ಲುತ್ತಿರುತ್ತಾಳೆ. ನಾನು ಗುಬ್ಬಿ ಎನ್ನುತ್ತೇನೆ. ಹಳೆಯ ಗ್ರಂಥಗಳ ಭಾಷೆಯಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿಲ್ಲ. ಆದರೆ ಮಾತು ತೊದಲುತ್ತದೆ. ಗುರುತಿನವರ ಜೊತೆ ಸ್ವಲ್ಪ, ಅಪರಿಚಿತರ ಎದುರು ಪೂರ್ತಿ. ಸಂಜೆ ಎಲ್ಲರೂ ಸೇರಿ ಸೂತ್ರಗಳನ್ನು ರಾಗವಾಗಿ ಹೇಳುವಾಗ ಮಾತ್ರ ಅವಳ ದನಿ ಎಲ್ಲೂ ಎಡವುವುದಿಲ್ಲ. "ರಾ... ರಾಗಕ್ಕೆ ನನ್ ಮೇಲೆ ಕರುಣೆ," ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಆ ಬೆಳಿಗ್ಗೆ ನಾವು ಕಣ್ಣು ಮುಚ್ಚಿ ಕೂತಿದ್ದೆವು. ಮೆಟ್ಟಿಲ ಮೇಲೆ ಶೂಗಳ ಸದ್ದು ಕೇಳಿತು. ಆ ಕೋಣೆಯ ಹತ್ತಿರ ಶೂ ಹಾಕಿ ಯಾರೂ ಬರುವುದಿಲ್ಲವಾದ್ದರಿಂದ ಸದ್ದು ಕೇಳಿದ ಕೂಡಲೇ ನಾನು ಕಣ್ಣು ತೆರೆದೆ.

"ಇಲ್ಲಿ ಏನ್ ನಡೀತಿದೆ?" ದಪ್ಪ ಮೀಸೆಯ ಅಧಿಕಾರಿ ಕೇಳಿದರು.

"ತರಗತಿ ನಡೀತಿದೆ. ದಯವಿಟ್ಟು ಶೂ ಬಿಚ್ಚಿ ಬನ್ನಿ," ಎಂದರು ದೊಡ್ಡಮ್ಮ.

"ತರಗತಿನಾ? ಬೋರ್ಡ್ ಎಲ್ಲಿ? ಪುಸ್ತಕ ಎಲ್ಲಿ? ಎಲ್ಲರೂ ಕಣ್ಣು ಮುಚ್ಕೊಂಡಿದಾರಲ್ಲ. ನಿದ್ದೆ ಮಾಡೋಕೂ ವೀಸಾ ಕೊಟ್ಟಿದೀವಾ ನಾವು?"

ಜೊತೆಯಲ್ಲಿದ್ದ ಕಿರಿಯ ಅಧಿಕಾರಿ ಕಿಸಕ್ಕೆಂದರು. ಇಬ್ಬರೂ ಶೂ ಬಿಚ್ಚಲಿಲ್ಲ. ಬಾಗಿಲ ಪಕ್ಕದಲ್ಲೇ ಗುಬ್ಬಿ ಕೂತಿದ್ದಳು.

"ಏಯ್, ನೀನು. ಏನ್ ಓದ್ತಾ ಇದೀಯ?" ಎಂದರು ಮೀಸೆಯ ಅಧಿಕಾರಿ.

ಗುಬ್ಬಿ ಬಾಯಿ ತೆರೆದಳು. ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣು ತುಂಬಿತು, ಮಾತು ಬರಲಿಲ್ಲ.

"ಓದ್ತಿರೋ ವಿಷಯದ ಹೆಸರೂ ಗೊತ್ತಿಲ್ಲ. ನೋಡಿದ್ರಾ?"

ನಾನು ಎದ್ದು ನಿಂತೆ. "ಸಾರ್, ಅವಳಿಗೆ ಮಾತು ತಡವರಿಸುತ್ತೆ. ಒಂಚೂರು ಟೈಮ್ ಕೊಡಿ, ಹೇಳ್ತಾಳೆ."

"ನಿನ್ನ ಸರದಿನೂ ಬರುತ್ತೆ. ಕೂತ್ಕೋ."

ಅವಳನ್ನು ಕರೆದುಕೊಂಡು ಹೋದರು. ನನ್ನ ಮತ್ತು ಉಳಿದ ಪರದೇಶದವರ ಪಾಸ್‌ಪೋರ್ಟುಗಳನ್ನೂ ತೆಗೆದುಕೊಂಡರು. ಕೋಣೆಯ ನೆಲದ ಮೇಲೆ ಶೂಗಳ ಒದ್ದೆ ಗುರುತು ಉಳಿದಿತ್ತು. ದೊಡ್ಡಮ್ಮ ತಾವೇ ಬಟ್ಟೆ ತಂದು ಒರೆಸಿದರು. ಗುರುತು ಹೋದ ಮೇಲೂ ಅದೇ ಜಾಗವನ್ನು ಒರೆಸುತ್ತಲೇ ಇದ್ದರು; ಇಷ್ಟು ವರ್ಷ ಕೂತು ಕಲಿತವರಿಗೇ ಹೀಗಾದ ಮೇಲೆ ನನ್ನ ಪಾಡು ಕೇಳಬೇಕೇ?

ಅಂದಿನಿಂದ ನಾನು ಬಾಗಿಲಿಗೆ ಬೆನ್ನು ಮಾಡಿ ಕೂತಿಲ್ಲ. ಅಂಚೆಯವನು ಮೆಟ್ಟಿಲು ಹತ್ತಿದರೂ ಜೀವ ಬಾಯಿಗೆ ಬರುತ್ತದೆ. ಸ್ನಾನಕ್ಕೆ ಹೋಗುವಾಗ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ಒಯ್ಯುತ್ತೇನೆ: ಆ ಹೊತ್ತಿನಲ್ಲೇ ಬಂದುಬಿಟ್ಟರೆ? ಬೀದಿಯಲ್ಲಿ ಯಾರಾದರೂ ಸಮಯ ಕೇಳಿದರೂ ನಾನು ವಿದ್ಯಾರ್ಥಿನಿ ಎಂದು ಉತ್ತರ ಕೊಡುವ ಹಂತಕ್ಕೆ ಬಂದಿದ್ದೇನೆ. ಅಮ್ಮ ಫೋನ್ ಮಾಡಿ, "ಊಟ ಸರಿಯಾಗಿ ಮಾಡ್ತಿದೀಯ ತಾನೆ? ಯಾಕೋ ದನಿ ಸಣ್ಣಗಾಗಿದೆ" ಎಂದರೆ, "ನೆಗಡಿ ಅಮ್ಮ" ಎನ್ನುತ್ತೇನೆ. ಇಷ್ಟು ದೀರ್ಘ ಕಾಲದ ನೆಗಡಿ ಯಾವುದು ಎಂದು ಅಮ್ಮ ಕೇಳಿಲ್ಲ. ಅವರೂ ಹೆದರಿದ್ದಾರೆಂದು ಕಾಣುತ್ತದೆ.

ನೀವು ಬಂಧನವಲ್ಲ, 'ತಂಗುದಾಣ' ಎಂದು ಕರೆಯುವ ಕಟ್ಟಡಕ್ಕೆ ಗುಬ್ಬಿಯನ್ನು ನೋಡಲು ಹೋದೆ. ತಂಗುವವರು ತಾವಾಗಿ ಹೊರಡಲಾಗದ ತಂಗುದಾಣವನ್ನು ನಾನು ನೋಡಿದ್ದು ಇದೇ ಮೊದಲು. ನಡುವೆ ದಪ್ಪ ಗಾಜು, ಎರಡೂ ಕಡೆ ಒಂದೊಂದು ಫೋನು. ತೊದಲುವವರಿಗೆ ಫೋನಿಗಿಂತ ದೊಡ್ಡ ಶತ್ರು ಇಲ್ಲ. ಅವಳು ತುಟಿ ಒದ್ದಾಡಿಸಿದಳು, ನನ್ನ ಕಿವಿಗೆ ಬಂದದ್ದು ಉಸಿರು ಮಾತ್ರ. ನಾನು ಆ ಉಸಿರನ್ನು ಬಲ್ಲೆ. ಹಳೆಯ ಕೆಲಸದಲ್ಲಿ ದಿನವೂ ಕೇಳುತ್ತಿದ್ದ, ಕಣ್ಣೆದುರೇ ಮನೆಯವರು ಕುಸಿದುಬಿದ್ದುದನ್ನು ಕಂಡವರ ಉಸಿರು ಅದು. ಆಮೇಲೆ ಅವಳು ಕಣ್ಣು ಮುಚ್ಚಿ, ಸಂಜೆಯ ಸೂತ್ರದ ರಾಗ ಹಿಡಿದು, ನನಗೆ ಇಲ್ಲಿ ತುಂಬ ಚಳಿ, ದಪ್ಪ ಸಾಕ್ಸ್ ತಂದುಕೊಡು, ಬೂದು ಬಣ್ಣದ್ದು ಮಂಚದ ಕೆಳಗಿದೆ ಎಂದು ಹಾಡಿದಳು. ನಾನು ನಕ್ಕೆ, ಅವಳೂ ನಕ್ಕಳು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತೆ. ಸಾಕ್ಸ್ ತಲುಪಿಸಲು ನಿಮ್ಮ ನಿಯಮ ಒಪ್ಪಲಿಲ್ಲ.

ಗುಬ್ಬಿಯ ವಿಚಾರಣೆಯ ದಿನ ದೊಡ್ಡಮ್ಮನೂ ನಾನೂ ಹಿಂದಿನ ಬೆಂಚಿನಲ್ಲಿದ್ದೆವು. ವಿಚಾರಣಾಧಿಕಾರಿ ಮೇಜಿನ ಮೇಲೆ ಪೆನ್ನು ಕುಟ್ಟುತ್ತ, "ಏನು ಓದುತ್ತೀರಿ, ಯಾಕೆ ಬಂದಿರಿ, ಬೇಗ ಹೇಳಿ" ಎಂದರು. ಗುಬ್ಬಿ ಒಂದು ಕ್ಷಣ ನಮ್ಮ ಕಡೆ ನೋಡಿ, ಉಸಿರೆಳೆದುಕೊಂಡು, ಹಾಡತೊಡಗಿದಳು. ನಾನು ಎರಡನೇ ವರ್ಷದ ವಿದ್ಯಾರ್ಥಿನಿ, ಹಳೆಯ ಗ್ರಂಥಗಳ ಭಾಷೆ ಓದುತ್ತೇನೆ, ನನ್ನ ಅಮ್ಮನೂ ತೊದಲುತ್ತಾಳೆ, ಊರಿಗೆ ಮರಳಿ ಪಾಠ ಹೇಳಬೇಕೆಂದಿದ್ದೇನೆ, ದಯವಿಟ್ಟು ನನ್ನ ಮಾತು ಕೇಳಿ. ಒಂದು ಅಕ್ಷರವೂ ಎಡವಲಿಲ್ಲ. ಟೈಪ್ ಮಾಡುತ್ತಿದ್ದ ಹೆಂಗಸಿನ ಕೈ ನಿಂತಿತು. ಬಾಗಿಲ ಬಳಿ ಯಾರೋ ಜೋರಾಗಿ ನಕ್ಕರು.

"ಇದೇನ್ ಹಾಡಿನ ಸ್ಪರ್ಧೆನಾ?" ಎಂದರು ಅಧಿಕಾರಿ. "ಮಾತಾಡೋಕೆ ಬರದವಳಿಗೆ ಹಾಡೋಕೆ ಹೇಗ್ ಬಂತು? ಬರ್ಕೊಳ್ಳಿ, ತೊದಲು ಬರೀ ನಾಟಕ."

ದೊಡ್ಡಮ್ಮ ಎದ್ದರು. "ತೊದಲೋರಲ್ಲಿ ಎಷ್ಟೋ ಜನ ಹಾಡುವಾಗ ತೊದಲಲ್ಲ. ಯಾವ ಡಾಕ್ಟರನ್ನ ಬೇಕಾದ್ರೂ ಕೇಳಿ."

"ಇಲ್ಲಿ ಕೇಳೋರು ನಾವು, ಅಮ್ಮಾ. ನೀವು ಕೂತ್ಕೊಳ್ಳಿ. ಕೂರೋದು ನಿಮಗೆ ಚೆನ್ನಾಗಿ ಬರುತ್ತಲ್ಲ."

ಅದೇ ವಾರ ಗುಬ್ಬಿಯನ್ನು ವಿಮಾನ ಹತ್ತಿಸಿದಿರಿ. ನಮಗೆ ತಿಳಿಸಲಿಲ್ಲ. ಅವಳ ತಮ್ಮ ಸಂದೇಶ ಕಳಿಸಿದ: ಅಕ್ಕ ಮನೆಗೆ ಬಂದಿದ್ದಾಳೆ, ಮಾತೂ ಇಲ್ಲ, ಹಾಡೂ ಇಲ್ಲ.

ಮಾನ್ಯರೇ, ನಿಮ್ಮ ಕಚೇರಿಯ ತರ್ಕಶಾಸ್ತ್ರವನ್ನು ನಾನು ಅರ್ಥ ಮಾಡಿಕೊಳ್ಳಲು ಯತ್ನಿಸಿದ್ದೇನೆ. ಸುಮ್ಮನಿದ್ದರೆ ವಿಷಯ ಗೊತ್ತಿಲ್ಲ, ತೊದಲಿದರೆ ಸುಳ್ಳು, ಸರಾಗವಾಗಿ ಹೇಳಿದರೆ ನಾಟಕ. ಹಾಗಾದರೆ ಸತ್ಯ ಹೇಳುವ ವಿಧಾನ ಯಾವುದು? ಯಾವ ಸಂಸ್ಥೆಯಲ್ಲಾದರೂ ಅದರ ತರಬೇತಿ ಇದ್ದರೆ ತಿಳಿಸಿ, ಅಲ್ಲಿಗೂ ಅರ್ಜಿ ಹಾಕುತ್ತೇನೆ. ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಯನ್ನೇ ನೋಡುತ್ತ ಕೂತವನು ವಿದ್ಯಾರ್ಥಿ, ಕಣ್ಣು ಮುಚ್ಚಿ ತನ್ನ ಭಯವನ್ನೇ ನೋಡುತ್ತ ಕೂತವಳು ಸೋಮಾರಿ. ಈ ವಿಂಗಡಣೆ ಮಾಡಿದ ಪಂಡಿತರು ಯಾರು? ನಮ್ಮ ಪರೀಕ್ಷೆಯೊಂದರಲ್ಲಿ ಅಪರಿಚಿತ ರೋಗಿಯ ಪಕ್ಕ ಏನೂ ಉಪದೇಶ ಮಾಡದೆ ಕೂರಬೇಕು. ತರಗತಿಯ ಅರ್ಧ ಜನ ಅದರಲ್ಲಿ ನಪಾಸಾದೆವು. ನಿಮ್ಮ ಮೀಸೆಯ ಅಧಿಕಾರಿಗಳು ಬಯಸಿದರೆ ಒಮ್ಮೆ ಈ ಪರೀಕ್ಷೆಗೆ ಕೂರಬಹುದು.

ಹಾಸ್ಯ ಇಲ್ಲಿಗೆ ಸಾಕು. ನನ್ನ ಹಳೆಯ ಕೆಲಸದಲ್ಲಿ ಕಲಿತ ಒಂದು ಸಂಗತಿ ಹೇಳುತ್ತೇನೆ. ಫೋನ್ ಎತ್ತಿದ ಕೂಡಲೇ ನಾವು ಕೇಳುತ್ತಿದ್ದ ಪ್ರಶ್ನೆ, ನೀವು ಎಲ್ಲಿದ್ದೀರಿ ಎಂಬುದು. ಹೆದರಿದವರಿಗೆ ಮೊದಲು ಮರೆಯುವುದು ತಮ್ಮ ಸ್ವಂತ ಮನೆಯ ವಿಳಾಸ. ಹುಟ್ಟಿ ಬೆಳೆದ ಬೀದಿಯ ಹೆಸರು ಬಾಯಿಗೆ ಬರುವುದಿಲ್ಲ. ಅವರನ್ನು ನಾವು ಸುಳ್ಳುಗಾರರು ಎಂದು ಬೈದು ಫೋನ್ ಇಟ್ಟಿದ್ದರೆ ಊರಿನಲ್ಲಿ ಎಷ್ಟು ಹೆಣ ಬೀಳುತ್ತಿದ್ದವು? ಕಾಯುತ್ತಿದ್ದೆವು. ಎದುರಿಗೆ ಏನು ಕಾಣುತ್ತಿದೆ ಎಂದು ಮೆಲ್ಲಗೆ ಕೇಳುತ್ತಿದ್ದೆವು. ಕಾದರೆ ಹೇಳುತ್ತಾರೆ. ಎಲ್ಲರೂ ಹೇಳುತ್ತಾರೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಗುಬ್ಬಿಯ ವಿಚಾರಣೆಯನ್ನು ಮಾತಿನ ತೊಂದರೆ ಬಲ್ಲ ವೈದ್ಯರೊಬ್ಬರ ಎದುರು ಮತ್ತೆ ನಡೆಸಿ, ಅವಳು ಪದವಿ ಮುಗಿಸಲು ಮರಳಿ ಬರುವಂತೆ ಮಾಡಿ. ನಮ್ಮಲ್ಲಿ ಪರದೇಶದವರು ಒಂಬತ್ತು ಜನ ಇದ್ದೆವು, ಈಗ ಎಂಟು. ನಮ್ಮ ಪಾಸ್‌ಪೋರ್ಟುಗಳನ್ನು ಹಿಂತಿರುಗಿಸಿ. ತಪಾಸಣೆಗೆ ಖಂಡಿತ ಬನ್ನಿ, ಆದರೆ ಮೊದಲು ತಿಳಿಸಿ ಬನ್ನಿ. ಪತ್ರದ ಕೆಳಗೆ ನಾನು ಹೆಸರು ಹಾಕಿಲ್ಲ. ಎಂಟು ಜನರಲ್ಲಿ ಇವಳು ಯಾರು ಎಂದು ಹುಡುಕುವುದು ನಿಮಗೆ ಕಷ್ಟವಲ್ಲವೆಂದು ಗೊತ್ತಿದ್ದೂ ಬರೆದಿದ್ದೇನೆ.

ಸೋಮವಾರ ಹೇಳಿದ ಹೊತ್ತಿಗೆ ಬರುತ್ತೇನೆ. ನನಗೆ ತೊದಲು ಇಲ್ಲ, ಆದರೂ ಬಾಯಿ ಒಣಗುತ್ತದೆ, ಕಾಲು ನಡುಗುತ್ತದೆ, ಬಹುಶಃ ನನ್ನ ವಿಷಯದ ಹೆಸರೇ ಮರೆತುಹೋಗುತ್ತದೆ. ಅದನ್ನು ಸುಳ್ಳಿನ ಲಕ್ಷಣ ಎಂದು ಬರೆಸಬೇಡಿ. ನೀವು ಹೆದರಿಸಿದ್ದೀರಿ, ನಾನು ಹೆದರಿದ್ದೇನೆ. ಸತ್ಯ ಇಷ್ಟೇ. ದಯವಿಟ್ಟು ಸ್ವಲ್ಪ ಕಾಯಿರಿ, ಹೇಳುತ್ತೇನೆ.

ಇಂತಿ,
ಸೋಮವಾರದವರೆಗಂತೂ ನಿಮ್ಮ ದೇಶದ ವಿದ್ಯಾರ್ಥಿನಿ