ಒಂದು ಕಪ್ ಚಹಾಕ್ಕೆ ತಿರಸ್ಕೃತವಾದ ವರ್ಗಾವಣೆ

ವರ್ಗಾವಣೆ ಕಡತದ ಮೇಲೆ ಕೊನೆಯ ಸಹಿ ಹಾಕುವ ಮಾನ್ಯರೇ,

ನನ್ನ ಹೆಂಡತಿ ತಮ್ಮ ತಪಾಸಣಾ ಸಾಹೇಬರಿಗೆ ಒಂದು ಕಪ್ ಚಹಾ ಮಾಡಿಕೊಟ್ಟಳೆಂಬ ಕಾರಣಕ್ಕೆ ತಾವು ನನ್ನ ವರ್ಗಾವಣೆಯ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಆದೇಶ ತಲುಪಿದೆ. ತಲುಪದೆ ಎಲ್ಲಿ ಹೋದೀತು? ಚಿಂಚೋಳಿಯ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತ ನಾನೇ. ಲಕೋಟೆ ಒಡೆದವನು ನಾನು, ವಹಿಯಲ್ಲಿ ನಂಬರು ಹಾಕಿದವನು ನಾನು. ‘ಸಂಬಂಧಪಟ್ಟ ನೌಕರನಿಗೆ ಖುದ್ದಾಗಿ ತಲುಪಿಸಿ ಸ್ವೀಕೃತಿ ಪಡೆಯತಕ್ಕದ್ದು’ ಎಂಬ ತಮ್ಮ ಸೂಚನೆಯಂತೆ ಎದ್ದು ನಿಂತು ನನಗೆ ನಾನೇ ಕೊಟ್ಟು, ಕೂತು ಸಹಿ ಮಾಡಿದವನೂ ನಾನೇ. ಇಪ್ಪತ್ತಮೂರು ವರ್ಷದ ಸೇವೆಯಲ್ಲಿ ಇಷ್ಟು ಚೊಕ್ಕವಾಗಿ ಯಾವ ಟಪಾಲೂ ಬಟವಾಡೆಯಾಗಿರಲಿಲ್ಲ.

ಸರ್ಕಾರಿ ನೌಕರ ಹೀಗೆ ಊರೆಲ್ಲ ಓದುವಂತೆ ಪತ್ರ ಬರೆಯಬಾರದೆಂಬ ನಿಯಮ ನನಗೆ ಗೊತ್ತಿದೆ. ಅದಕ್ಕೆ ಬರುವ ನೋಟೀಸೂ ನನ್ನ ಮೇಜಿಗೇ ಬರಬೇಕು. ವಹಿಯಲ್ಲಿ ಅದಕ್ಕೊಂದು ಸಾಲು ಖಾಲಿ ಬಿಟ್ಟಿದ್ದೇನೆ, ತಾವು ಸಾವಕಾಶವಾಗಿ ಕಳಿಸಿರಿ.

ಹೋದ ವರ್ಷ ತೊಗರಿ ರಾಶಿಯ ದಿನಗಳಲ್ಲಿ ನನ್ನ ಹೆಂಡತಿ ಅನಸುಬಾಯಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ದಿನಕ್ಕೆ ಮೂರು ಹೊತ್ತು ತಪ್ಪದೆ ವ್ಯಾಯಾಮ ಮಾಡಿಸಿದರೆ ಕಾಲು ಮರಳಿ ಬರುವ ಆಸೆ ಇದೆ, ಬಿಟ್ಟರೆ ಕೀಲು ಬಿಗಿದು ಅಲ್ಲಿಗೇ ಮುಗಿಯಿತು ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಮನೆ ರಾವೂರಿನಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಅವಳ ಕೈಕಾಲು ಆಡಿಸಿ, ಮೈ ಒರೆಸಿ, ರೊಟ್ಟಿ ಬಡಿದು, ಆರೂವರೆಗೆ ಹೊರಟರೆ ಚಿತ್ತಾಪುರಕ್ಕೊಂದು ಬಸ್ಸು, ಸೇಡಂಗೆ ಇನ್ನೊಂದು, ಚಿಂಚೋಳಿಗೆ ಮತ್ತೊಂದು. ಮನೆಗೆ ಮರಳುವಾಗ ಎಂಟು ಗಂಟೆ. ಸಂಜೆಯ ವ್ಯಾಯಾಮ ಪಿಯುಸಿ ಎರಡನೇ ವರ್ಷದಲ್ಲಿರುವ ಮಗಳು ಲುಂಬಿನಿಯದು. ಮಧ್ಯಾಹ್ನದ್ದು ಪಕ್ಕದ ಮನೆಯ ಜಾನಬಿಯವರ ಪುಣ್ಯ. ಚಿತ್ತಾಪುರದಲ್ಲಿ ನನ್ನ ದರ್ಜೆಯ ಎರಡು ಕುರ್ಚಿಗಳು ಮೂರು ವರ್ಷದಿಂದ ಖಾಲಿ ಇವೆ. ಅವುಗಳಲ್ಲಿ ಒಂದರ ಮೇಲೆ ನನ್ನನ್ನು ಕೂಡಿಸಿರಿ, ಊಟದ ಬಿಡುವಿನಲ್ಲಿ ಓಡಿಬಂದು ಅವಳ ಕಾಲು ಆಡಿಸಿ ಹೋಗುತ್ತೇನೆ ಎಂದು ಕೇಳಿದೆ. ಕೇಳಿದ್ದು ಇಷ್ಟೇ.

ತಾವು ಸ್ಥಳ ತಪಾಸಣೆಗೆ ಆದೇಶಿಸಿದಿರಿ. ಬಹಳ ಸಂತೋಷವಾಯಿತು. ಸಾಹೇಬರು ಬಂದದ್ದು ಒಂದು ಮಂಗಳವಾರ. ಅವತ್ತು ಹೆಂಡತಿಯನ್ನು ಡಾಕ್ಟರಿಗೆ ತೋರಿಸಲು ರಜೆ ಹಾಕಿ ನಾನು ಮನೆಯಲ್ಲೇ ಇದ್ದೆ. ಹನ್ನೊಂದರ ಸುಮಾರಿಗೆ ಹಿಟ್ಟಿನ ಕೈಯಲ್ಲಿ ಬಾಗಿಲು ತೆರೆದೆ. ಮಂಚದ ಮೇಲಿನಿಂದ ಅನಸುಬಾಯಿ, ಬಂದವರು ಯಾರೆಂದು ತಿಳಿಯದೆ, ಎಂದಿನಂತೆ ನನ್ನ ಅಡುಗೆಯ ತಪಾಸಣೆ ನಡೆಸಿದ್ದಳು.

“ಏನ್ರಿ, ಇವು ರೊಟ್ಟಿ ಅದಾವೋ ಫರ್ಸಿಕಲ್ಲ ಅದಾವೋ? ಶಹಾಬಾದಿಗಿ ಒಯ್ದ್ರ ಪಾಲಿಶ್ ಮಾಡಿ ಮನಿಗಿ ಹಾಸ್ತಾರ ನೋಡ್ರಿ!”

ಸಾಹೇಬರು ನಗಲಿಲ್ಲ. “ಕಚೇರಿ ಟೈಮಿನ್ಯಾಗ ಮನ್ಯಾಗ ಏನ್ ಮಾಡಾಕತ್ತೀರಿ?” ಎಂದರು. ಮಂಜೂರಾದ ರಜೆಯ ಪ್ರತಿ ತೋರಿಸಿದೆ. ನೋಡಿ, ಮಡಚಿ, ಕೈಗೆ ಕೊಟ್ಟರು. “ರಜಾದ್ದು ಬ್ಯಾರೆ ಫೈಲ್‌ರಿ. ನಾ ಬಂದಿದ್ದು ಬ್ಯಾರೆ ಫೈಲಿಗಿ.” ವರದಿಯಲ್ಲಿ ‘ಸದರಿ ನೌಕರನು ಕಚೇರಿ ವೇಳೆಯಲ್ಲಿ ಮನೆಯಲ್ಲಿ ಅಡುಗೆ ಮಾಡುತ್ತಿರುವುದು ಕಂಡುಬಂದಿರುತ್ತದೆ’ ಎಂದು ಬರೆದರು. ಆ ಕಡತ ಯಾವುದು ಸ್ವಾಮಿ? ಹೆಂಡತಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಎಂಬ ಕಡತವಲ್ಲವೇ? ನಾನು ನೋಡಿಕೊಳ್ಳುತ್ತಿರುವುದನ್ನು ಕಣ್ಣಾರೆ ಕಂಡು, ಅದನ್ನೇ ನನ್ನ ಮೇಲಿನ ದೂರಾಗಿ ಬರೆಯಲು ಎಂಥ ತರಬೇತಿ ಬೇಕು?

ಈ ವರದಿ ಅಪೂರ್ಣವೆಂದು ತಾವು ಸಾಹೇಬರನ್ನು ಮತ್ತೊಮ್ಮೆ ಕಳಿಸಿದಿರಿ. ಈ ಸಲ ನಾನು ಹುಷಾರಾದೆ. ತಪಾಸಣೆ ಮುಗಿಯುವವರೆಗೆ ಒಂದು ದಿನವೂ ರಜೆ ಹಾಕಬಾರದೆಂದು ಜ್ವರ ಬಂದಾಗಲೂ ಚಿಂಚೋಳಿಗೆ ಹೋದೆ. ಸಾಹೇಬರು ಬಂದಾಗ ಜಾನಬಿಯವರು ಅನಸುಬಾಯಿಗೆ ಗಂಜಿ ಕುಡಿಸುತ್ತಿದ್ದರು. ‘ರೋಗಿಯ ಆರೈಕೆಗೆ ಅನ್ಯ ವ್ಯಕ್ತಿ ಲಭ್ಯವಿರುತ್ತಾರೆ’ ಎಂಬ ಸಾಲು ಬಾಗಿಲಲ್ಲೇ ಸಿದ್ಧವಾಗಿತ್ತಂತೆ. ಆಮೇಲೆ ಸಾಹೇಬರು ಒಳಗೆ ಬಂದು, ನಮ್ಮ ಕಡೆ ಎಲ್ಲರೂ ವಿಚಾರಿಸುವ ಹಾಗೆಯೇ ಕೇಳಿದರು, “ಆರಾಮ ಅದೀರೇನವಾ?”

ಮಾನ್ಯರೇ, ಈ ಸೀಮೆಯಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಸಲಾಯಿನ್ ಹಚ್ಚಿಕೊಂಡು ಮಲಗಿದವನೂ ಅದನ್ನೇ ಹೇಳುತ್ತಾನೆ. ಬಂದವರ ಎದುರಿಗೆ ತನ್ನ ಗೋಳು ತೆಗೆಯುವುದು ನಮ್ಮ ಹೆಂಗಸರಿಗೆ ನಾಚಿಕೆ. ಅನಸುಬಾಯಿ ಸೆರಗು ಸರಿಮಾಡಿಕೊಂಡು ಹೇಳಿದಳು, “ಹೌದ್ರಿ, ಭಾಳ ಆರಾಮ ಅದೀನಿ. ನೀವ್ ಆರಾಮ? ಕುಂದ್ರಿ, ಚಾ ಕುಡದ ಹೋಗ್ರಿ.” ‘ತಾನು ಆರೋಗ್ಯದಿಂದಿರುವುದಾಗಿ ರೋಗಿಯೇ ಸ್ವತಃ ಹೇಳಿಕೆ ನೀಡಿರುತ್ತಾರೆ’ ಎಂದು ಸಾಹೇಬರು ಬರೆದುಕೊಂಡರು. ಹಾಲಿಲ್ಲವೆಂದು ಜಾನಬಿಯವರು ತಮ್ಮ ಮನೆಗೆ ಓಡಿದರು. ಅಷ್ಟರಲ್ಲಿ ಅತಿಥಿ ಎದ್ದು ಹೋದಾರೆಂಬ ಗಾಬರಿಗೆ ಅನಸುಬಾಯಿ ಗೋಡೆ ಹಿಡಿದು, ಕಾಲು ಎಳೆಯುತ್ತ ಒಲೆಯ ತನಕ ಹೋಗಿ, ಎಡಗೈಯಲ್ಲಿ ಗ್ಯಾಸು ಹಚ್ಚಿ ನೀರಿಟ್ಟಳು. ತಾವು ಓದಿದ ವರದಿಯ ಕೊನೆಯ ಸಾಲು ಹೀಗಿದೆ: ‘ರೋಗಿಯು ಮನೆಗೆಲಸ ನಿರ್ವಹಿಸಲು ಶಕ್ತರಿರುತ್ತಾರೆ. ಚಹಾ ಸೇವಿಸಿ ಖಾತ್ರಿಪಡಿಸಿಕೊಳ್ಳಲಾಗಿದೆ.’

ವರದಿಯಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ನಿಲ್ಲಲು ಆಸರೆ ಬೇಕೆಂದು ಅವಳು ಬಲಗೈಯನ್ನು ಎಡಗೈಯಿಂದ ಎತ್ತಿ ಒಲೆಯ ಅಂಚಿಗೆ ಊರಿದ್ದಳು. ಆ ಕೈಗೆ ಬಿಸಿ ತಿಳಿಯುವುದಿಲ್ಲ. ಸಾಹೇಬರು ಹೋದ ಮೇಲೆ ಕಪ್ಪು ತೊಳೆಯಲು ಬಂದ ಜಾನಬಿಯವರು “ಯಾ ಅಲ್ಲಾ, ಅಕ್ಕಾ, ಕೈ ನೋಡ್ರಿ!” ಎಂದು ಚೀರಿದಾಗಲೇ ಅವಳು ಕೆಳಗೆ ನೋಡಿದ್ದು. ಅಂಗೈ ಬೊಬ್ಬೆ ಎದ್ದು ಸುಲಿದಿತ್ತು.

ಮನೆಗೆ ಬಂದು ನಾನು ಬೈದೆ. ಲಕ್ವಾ ಹೊಡೆದ ಈ ಒಂದೂವರೆ ವರ್ಷದಲ್ಲಿ ಅವಳಿಗೆ ಬೈದದ್ದು ಅದೊಂದೇ ಸಲ. “ಯಾರಿಗಿ ಬೇಕಿತ್ತು ನಿನ್ ಚಾ?” ಎಂದೆ.

“ಅವ್ರು ನಿಮ್ ಕೆಲ್ಸಕ್ಕ ಬಂದವ್ರು. ಚಾ ಸೈತ ಕೊಡ್ದ ಕಳಸಿದ್ರ ನಿಮ್ ಅರ್ಜಿ ಕೆಡ್ತದಂತ ಅಂಜಿದ್ನಿರಿ,” ಎಂದಳು.

ಬಚ್ಚಲಿಗೆ ಹೋಗಿ, ಲುಂಬಿನಿಗೆ ಕೇಳಬಾರದೆಂದು ನಲ್ಲಿ ಬಿಟ್ಟು ಅತ್ತೆ. ಗಂಡಸು ಅತ್ತದ್ದನ್ನು ಹೀಗೆ ಬರೆಯಲು ನನಗೇನೂ ಸಂಕೋಚವಿಲ್ಲ.

ಎರಡೂ ವರದಿ ಜೋಡಿಸಿ ತಾವು ಹೊರಡಿಸಿದ ಆದೇಶದ ಸಾರ ಇಷ್ಟು: ನಾನು ಮನೆಯಲ್ಲಿದ್ದರೆ ಕರ್ತವ್ಯಲೋಪ, ಕಚೇರಿಯಲ್ಲಿದ್ದರೆ ಮನೆಗೆ ನನ್ನ ಅವಶ್ಯಕತೆ ಇಲ್ಲ. ಹಾಗಾದರೆ ತಪಾಸಣೆಯ ದಿನ ನಾನು ಎಲ್ಲಿರಬೇಕಿತ್ತು? ಸೇಡಂ ಬಸ್‌ಸ್ಟ್ಯಾಂಡಿನಲ್ಲೇ? ಆದೇಶದ ಕೆಳಗೆ ತಾವು ಸ್ವಂತ ಕೈಯಲ್ಲಿ ಎರಡು ಸಲಹೆ ಬರೆದಿದ್ದೀರಿ. ಹದಿನೇಳು ವರ್ಷದ ಮಗಳಿರುವುದರಿಂದ ಆಕೆಯನ್ನು ಕಾಲೇಜು ಬಿಡಿಸಿ ಆರೈಕೆಗೆ ತೊಡಗಿಸಬಹುದು ಎಂಬುದು ಮೊದಲನೆಯದು. ಇದಕ್ಕೆ ನನ್ನ ಉತ್ತರ, ಇಲ್ಲ. ನನ್ನ ಅವ್ವ ರಾವೂರಿನ ಕಲ್ಲುಗಣಿಯಲ್ಲಿ ಬುಟ್ಟಿ ಹೊತ್ತು ನನ್ನ ಕೈಗೆ ಪೆನ್ನು ಕೊಟ್ಟಳು. ಆ ಪೆನ್ನನ್ನು ಮಗಳ ಕೈಯಿಂದ ಕಸಿಯುವವನು ನಾನಲ್ಲ. ತಾವೂ ಆ ಮಾತನ್ನು ಇನ್ನೊಮ್ಮೆ ಬರೆಯಬೇಡಿರಿ.

ಎರಡನೆಯದು, ನೌಕರನು ಕೇಂದ್ರಸ್ಥಾನದಲ್ಲೇ, ಅಂದರೆ ಕಚೇರಿ ಇರುವಲ್ಲೇ, ವಾಸವಿದ್ದು ರೋಗಿಯನ್ನು ಅಲ್ಲಿಯೇ ಇಟ್ಟುಕೊಂಡು ಆರೈಕೆ ಮಾಡತಕ್ಕದ್ದು. ಚಿಂಚೋಳಿಯಲ್ಲಿ ಬಾಡಿಗೆ ಮನೆ ಹಿಡಿದರೂ ಹತ್ತರಿಂದ ಐದೂವರೆಯವರೆಗೆ ಅವಳು ಒಬ್ಬಳೇ. ಅಲ್ಲಿ ಜಾನಬಿ ಇಲ್ಲ. ಇಲ್ಲಿಯೂ ಇನ್ನು ಇರುವುದಿಲ್ಲ. ಅವರ ಮಗಳು ಅತೀಯಾಳ ಹೆರಿಗೆಗೆಂದು ಬರುವ ತಿಂಗಳ ಒಂದನೇ ತಾರೀಖಿಗೆ ಅವರು ಶಹಾಬಾದಿಗೆ ಹೊರಡುತ್ತಾರೆ, ಮೂರು ತಿಂಗಳು ಬರುವುದಿಲ್ಲ. “ನಾ ಹ್ವಾದ ಮ್ಯಾಲ ಅಕ್ಕನ ಕಾಲ್ ಯಾರ್ ಆಡಸ್ತಾರ್ರಿ, ಭಾಯಿ?” ಎಂದು ಅವರು ದಿನಾ ಕೇಳುತ್ತಾರೆ. ಅದೇ ಪ್ರಶ್ನೆಯನ್ನು ಈಗ ತಮಗೆ ಕೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ: ಒಂದನೇ ತಾರೀಖಿನೊಳಗೆ ನನ್ನನ್ನು ಚಿತ್ತಾಪುರಕ್ಕೆ ಹಾಕಿರಿ. ಆಗದಿದ್ದರೆ ತಮ್ಮ ಎರಡನೆಯ ಸಲಹೆಯನ್ನು ಅಕ್ಷರಶಃ ಪಾಲಿಸುತ್ತೇನೆ. ಎರಡನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಅನಸುಬಾಯಿಯ ಮಂಚ ನನ್ನ ಮೇಜಿನ ಪಕ್ಕದಲ್ಲಿರುತ್ತದೆ. ಟಂಟಂ ಆಟೋದವನಿಗೆ ಹೇಳಿಟ್ಟಿದ್ದೇನೆ. ಅವಳ ಒಪ್ಪಿಗೆಯನ್ನೂ ಕೇಳಿದೆ. ಅತ್ತುಬಿಡುತ್ತಾಳೆಂದು ಅಂಜಿದ್ದೆ. ಲಕ್ವಾ ಹೊಡೆದ ಮೇಲೆ ಮೊದಲ ಸಲ ಮುಖದ ಅರ್ಧ ಭಾಗದಲ್ಲಿ ನಕ್ಕಳು.

“ಹೋಗಮು ನಡ್ರಿ,” ಎಂದಳು. “ಲಗ್ನ ಆದಾಗಿಂದ ಹಗಲೆಲ್ಲ ನಿಮ್ ಸಂಗಟ ಒಂದ್ ದಿನಾನೂ ಇದ್ದಿಲ್ಲ ನಾ.”

ಮಂಚ ಮೂರು ಫೂಟು ಅಗಲ. ಕಚೇರಿಯ ಬಾಗಿಲು ಮೂರೂವರೆ. ನಿನ್ನೆ ಊಟದ ಬಿಡುವಿನಲ್ಲಿ ಅಳೆದು ನೋಡಿದ್ದೇನೆ.

ಇಂತಿ,
ಎರಡು ಕಡೆ ಹಾಜರಿರಬೇಕಾದ ಒಬ್ಬನೇ
ಭೀಮಶ್ಯಾ, ಟಪಾಲು ಗುಮಾಸ್ತ
ರಾವೂರ