ವಾರಕ್ಕೊಂದು ಹಾಳೆ

ಅಫಜಲಪುರ
18 ಅಕ್ಟೋಬರ್ 1987, ರವಿವಾರ

ಒಂಬತ್ತನೇ ಹಾಳೆ ಕೊಟ್ಟು ಬಂದೆ. ಶಾಲೆಯ ಪರೀಕ್ಷೆಯ ಪೇಪರುಗಳು ತಿದ್ದದೆ ಇನ್ನೂ ಮೇಜಿನ ಮೇಲೇ ಇವೆ.

ಗ್ಯಾರೇಜಿನ ಶರಫುದ್ದೀನರು ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಯ ಫ್ರೇಮ್ ಬೆಸೆದು ಮುಗಿಸಿದ್ದಾರೆ. ಅಪಘಾತದಲ್ಲಿ ನುಜ್ಜಾದ ಬೈಕಿನ ನೂರು ಸಿಸಿ ಎಂಜಿನ್ ಬೆಂಚಿನ ಮೇಲೆ ಬಿಚ್ಚಿಕೊಂಡು ಕುಳಿತಿದೆ. ಜನವರಿ ಇಪ್ಪತ್ತಾರಕ್ಕೆ ಹೈದರಾಬಾದಿನಲ್ಲಿ ರೇಸ್. ನಲವತ್ತೇಳರ ಗಂಡಸಿಗೆ ಬೇರೆ ಆಸೆಯೇ ಇಲ್ಲ. ಒಮ್ಮೆ ಓಡಿಸಬೇಕು, ಅಷ್ಟೆ.

ಅವರ ಅಕ್ಕ ಖಾಸೀಂಬಿ ಚಹಾ ತಂದಳು. "ನೋಡ್ ಬೇ ಕಸ್ತೂರಿ, ಹೆಂಡತಿ ಸತ್ತು ಹತ್ತು ವರ್ಷಾತು. ಈಗ ಆಟಗಿ ಗಾಡಿ ಮಾಡಾಕತ್ತಾನ. ನೆಲಕ್ಕ ಹತ್ತಿ ಕುಂಡ್ರಬೇಕಂತ ಅದರಾಗ. ಎಬ್ಬಸಾಕ ಇಬ್ಬರು ಬೇಕು."

"ಆಪಾ, ನೀ ಸುಮ್ನ ಹೋಗು." ನನ್ನ ಕಡೆ ತಿರುಗಿ: "ಮುಂದಿನ ಹಾಳಿ ಯಾವಾಗ್ರಿ ಬಾಯಾರ?"

"ಮುಂದಿನ ರವಿವಾರ."

ಶಾರ್ಜಾದಿಂದ ಯಾರೋ ಅವರಿಗೆ ಕಳಿಸಿದ ಪುಸ್ತಕ. ಟೂ-ಸ್ಟ್ರೋಕ್ ಎಂಜಿನ್ನಿನಿಂದ ಹೆಚ್ಚು ವೇಗ ತೆಗೆಯುವುದು ಹೇಗೆ ಎಂದು. ಇಂಗ್ಲಿಷ್ ನನ್ನದು, ಕೈಕೆಲಸ ಅವರದು. ವಾರಕ್ಕೊಂದು ಹಾಳೆ ಕನ್ನಡದಲ್ಲಿ ಬರೆದುಕೊಡುತ್ತೇನೆ.

ಇಲ್ಲಿಯಾದರೂ ನಿಜ ಬರೆಯಬೇಕು. ಬೇಕಾದದ್ದೆಲ್ಲ ಆಗಸ್ಟಿನಲ್ಲೇ ಬರೆದು ಮುಗಿಸಿದ್ದೇನೆ. ಇಪ್ಪತ್ತು ಹಾಳೆ. ಟ್ರಂಕಿನಲ್ಲಿವೆ.

ವಾರಕ್ಕೊಂದರಂತೆ ಕೊಟ್ಟರೆ ಜನವರಿ ಮೂರಕ್ಕೆ ಮುಗಿಯುತ್ತವೆ.

8 ನವೆಂಬರ್, ರವಿವಾರ

ಹನ್ನೆರಡು. ಹೊಗೆ ಹೋಗುವ ಪೈಪಿನದು. ಮಧ್ಯದಲ್ಲಿ ಹೊಟ್ಟೆ ಉಬ್ಬಿ, ತುದಿಯಲ್ಲಿ ಸಣ್ಣಗಾಗಬೇಕು. ಹೊಗೆಯ ಜೊತೆ ಸುಡದ ಪೆಟ್ರೋಲೂ ಸ್ವಲ್ಪ ಹೊರಗೆ ಓಡುತ್ತದೆ. ಪೈಪಿನ ಕೊನೆಗೆ ಬಡಿದ ಅಲೆ ಹಿಂದಿರುಗಿ ಬಂದು ಅದನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ.

ಗ್ರೀಸ್ ಹತ್ತದಂತೆ ಎರಡು ಬೆರಳಿನ ತುದಿಯಲ್ಲಿ ಹಾಳೆ ಹಿಡಿದು ಓದಿದರು. ನಿಧಾನವಾಗಿ. ತುಟಿ ಅಲುಗುತ್ತಿತ್ತು.

"ಹೋಗಿಬಿಟ್ಟಿದ್ದನ್ನ ಮತ್ತ ಒಳಗ ತರ್ತದ ಅನ್ರಿ?"

"ಎಲ್ಲ ಅಲ್ಲ. ಸ್ವಲ್ಪ. ಪೈಪಿನ ಉದ್ದ ಸರಿ ಇದ್ದರೆ."

"ಸ್ವಲ್ಪ ಬಂದ್ರೂ ಬಾಳ ಆತ್ರಿ."

ಎಂಜಿನ್ನಿನ ಬಗ್ಗೆಯೇ ಹೇಳಿದರು. ಗೊತ್ತು. ಆದರೂ ದಾರಿಯುದ್ದಕ್ಕೂ ಅದೇ ಮಾತು. ನಲವತ್ತನಾಲ್ಕಾಯಿತು ನನಗೆ... ಹೀಗೆಲ್ಲ ಆಗುವ ವಯಸ್ಸೇ?

13 ಡಿಸೆಂಬರ್, ರವಿವಾರ

ಹದಿನೇಳು. ಎಂಜಿನ್ ಕೆಂಪಗೆ ಕಾದಾಗ ಔಡಲೆಣ್ಣೆಯಷ್ಟು (ಪುಸ್ತಕದಲ್ಲಿ 'ಕ್ಯಾಸ್ಟರ್ ಆಯಿಲ್') ಅದನ್ನು ಕಾಪಾಡುವ ಎಣ್ಣೆ ಬೇರೆ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಬೇಕು. ಓದಿ ಮಗುವಿನ ಹಾಗೆ ನಕ್ಕರು. "ಮನ್ಯಾಗಿನ ವಸ್ತು ಬಿಟ್ಟು ನಾ ಊರೆಲ್ಲ ಹುಡಕಾಕತ್ತಿದ್ದೆ ನೋಡ್ರಿ!" ಗಾಣಕ್ಕೆ ಹೊರಟೇಬಿಟ್ಟರು.

ಹದಿನೆಂಟೂ ಚೀಲದಲ್ಲಿತ್ತು. ಅದೇ ವಿಷಯ ಮುಂದುವರಿಯುತ್ತದೆ. ಕೊಡಲೆಂದು ಕೈ ಹಾಕಿದ್ದೆ. ಇನ್ನು ಮೂರೇ ಉಳಿದಿವೆ ಅನ್ನಿಸಿತು. ಕೈ ತೆಗೆದೆ.

17 ಡಿಸೆಂಬರ್, ಗುರುವಾರ, ಸಂಜೆ

ಬೆಳಿಗ್ಗೆ ಏಳೂವರೆಗೆ ಸೊನ್ನ ರಸ್ತೆಯ ಕಡೆಯಿಂದ ಶಬ್ದ. ಜೇನು ಎದ್ದ ಹಾಗೆ. ಏರುತ್ತ ಏರುತ್ತ ಚೂಪಾಯಿತು. ಒಲೆಯ ಮುಂದೆ ನಿಂತು ಕೇಳಿದೆ, ಅವರ ಕಾರ್ಟ್ ಓಡುತ್ತಿದೆ...

ತಟ್ಟನೆ ನಿಂತಿತು.

ಎಂಜಿನ್ ಜಾಮ್ ಆಗಿದೆ. ಹಿಂದಿನ ಗಾಲಿ ತಿರುಗದೆ ಹಿಡಿದುಕೊಂಡು ಕಾರ್ಟ್ ಜೋಳದ ಹೊಲಕ್ಕೆ ಉರುಳಿತಂತೆ. ಅವರ ಬಲಗೈ ಮುರಿದಿದೆ. ಗುಲ್ಬರ್ಗಕ್ಕೆ ಒಯ್ದಿದ್ದಾರೆ.

18 ಡಿಸೆಂಬರ್

ಖಾಸೀಂಬಿ ಹೇಳಿದಳು: ರಾತ್ರಿಯೇ ಎಣ್ಣೆ ಬೆರೆಸಿ ಡಬ್ಬಿ ಹೊರಗಿಟ್ಟಿದ್ದರು. ಚಳಿಗೆ ಔಡಲೆಣ್ಣೆ ತಳಕ್ಕಿಳಿದಿತ್ತು. ಬೆಳಿಗ್ಗೆ ಮೇಲಿನದನ್ನು ಹಾಗೇ ಸುರಿದುಕೊಂಡರು. ಬರೀ ಪೆಟ್ರೋಲು. "ಕುಲುಕಬೇಕಿತ್ತಂತ ಬೇ. ಅಂವಗೇನ ಗೊತ್ತು?"

ಹದಿನೆಂಟನೇ ಹಾಳೆ, ಮೊದಲ ಸಾಲು: *ಬೆರೆಸಿಟ್ಟ ಎಣ್ಣೆ ಬೇರೆಯಾಗುತ್ತದೆ. ಸುರಿಯುವ ಮುನ್ನ ಪ್ರತಿಸಲ ಚೆನ್ನಾಗಿ ಕುಲುಕಬೇಕು.*

ನನ್ನ ಅಕ್ಷರ. ಎಷ್ಟು ದುಂಡಗೆ ಬರೆದಿದ್ದೇನೆ.

27 ಡಿಸೆಂಬರ್, ರವಿವಾರ

ಮೂರೂ ಹಾಳೆ ಒಯ್ದೆ. ಪ್ಲಾಸ್ಟರ್ ಹಾಕಿದ ಕೈ ಎದೆಗೆ ಕಟ್ಟಿಕೊಂಡು ಬಾಗಿಲಲ್ಲಿ ಕುಳಿತಿದ್ದರು. ಎಡಗೈಯಲ್ಲಿ ಹಿಡಿದು ಮೊದಲ ಸಾಲು ಓದಿದರು. ಮತ್ತೊಮ್ಮೆ ಓದಿದರು.

"ಇದು ಆಗಸ್ಟಿನಿಂದ ನನ್ನ ಹತ್ತಿರ ಇತ್ತು," ಅಂದೆ.

"ಆಗಸ್ಟ್?"

"ಎಲ್ಲವೂ ಇದ್ದವು."

"ಮತ್ಯಾಕ್ರಿ?"

"ಮುಗಿದರೆ... ಬರುವುದಕ್ಕೆ ನೆವ ಇರುತ್ತಿರಲಿಲ್ಲ."

ಒಳಗೆ ಖಾಸೀಂಬಿಯ ಕಪ್ಪು-ಬಸಿಗಳ ಸಪ್ಪಳ ನಿಂತಿತು. ಅವರು ನನ್ನನ್ನು ನೋಡಲಿಲ್ಲ. ಹಾಳೆಗಳನ್ನು ಪಕ್ಕಕ್ಕಿಟ್ಟರು.

"ಜೀವ ಹೋಗ್ತಿತ್ತು ನಂದು," ಅಂದರು. ಆಮೇಲೆ, "ನಿಮ್ಮ ಮನಿಗೆ ನಡೀರಿ ಬಾಯಾರ."

26 ಜನವರಿ 1988

ಧ್ವಜಾರೋಹಣ. ಮಕ್ಕಳಿಗೆ ಲಾಡು ಹಂಚಿದೆವು. ಹನ್ನೊಂದು ಗಂಟೆಗೆ ಹೈದರಾಬಾದಿನಲ್ಲಿ ರೇಸಿನ ಬಾವುಟ ಬೀಸಿರುತ್ತಾರೆ. ಅವರಿಲ್ಲದೆ.

ಅವರ ಗ್ಯಾರೇಜ್ ಎದುರಾಗದಂತೆ, ಪೇಟೆಗೆ ಹೋಗಲು ಈಗ ಹಿಂದಿನ ಓಣಿ ಬಳಸುತ್ತೇನೆ.

27 ಫೆಬ್ರುವರಿ, ಶನಿವಾರ

ಖಾಸೀಂಬಿ ಮನೆಗೇ ಬಂದಳು. ಚಪ್ಪಲಿ ಬಿಡುವ ಮೊದಲೇ ಮಾತು.

"ಪ್ಲಾಸ್ಟರ್ ಬಿಚ್ಚ್ಯಾರ. ಸಿಲಿಂಡರ್ ಕೊರಸಿ ಹೊಸ ಪಿಸ್ಟನ್ ಹಾಕ್ಯಾನ. ನಾಳಿ ಮುಂಜಾನಿ ಚಾಲೂ ಮಾಡ್ತಾನಂತ."

"ಕರೆದರೇ?"

"ಅಂವ ಬಾಯಿಬಿಟ್ಟು ಕರೀತಾನೇನ್ ಬೇ? ಒಂದೂವರಿ ತಿಂಗಳ ಬೈದಾನ ನಿನಗ. ನನ್ನ ಕಿವಿ ಕಿವಡಾಗ್ಯಾವ. ಈಗ ಬೈಯೂದು ಬಿಟ್ಟಾನ. ಹೊರಗ ಸ್ಟೂಲ್ ಒರಸಿ ಇಟ್ಟಾನ. ನಾ ಕುಂತ್ರ ಎಬ್ಬಸ್ತಾನ."

ನಗಲು ಹೋದೆ. ಅತ್ತುಬಿಟ್ಟೆ. ಖಾಸೀಂಬಿ ಬೇರೆ ಕಡೆ ನೋಡಿ, "ಚಾ ಮಾಡ್ತಿಯೋ, ಹಂಗ ಕಳಸ್ತಿಯೋ?" ಅಂದಳು.

28 ಫೆಬ್ರುವರಿ, ರವಿವಾರ, ಬೆಳಿಗ್ಗೆ ಆರೂವರೆ

ಹೊರಟಿದ್ದೇನೆ. ಬರಿಗೈ. ಇಷ್ಟು ದಿನ ದಾರಿಯಲ್ಲಿ ಯಾರಾದರೂ "ಎಲ್ಲಿಗಿ ಹೊಂಟೀರಿ ಬಾಯಾರ?" ಅಂದರೆ ಹಾಳೆ ತೋರಿಸುತ್ತಿದ್ದೆ. ಇವತ್ತೂ ಕೇಳುತ್ತಾರೆ. ಏನೂ ತೋರಿಸದೆ ಹೇಳಬೇಕು. ಹೇಳಬಲ್ಲೆನೇ? ಶಾಲೆಯ ಕೆಲಸ ಅನ್ನಬಾರದು. ಪುಸ್ತಕ ಅನ್ನಬಾರದು. ನೇರವಾಗಿ, ನಾನು ಅವರನ್ನು ನೋಡಲು ಹೊರಟಿದ್ದೇನೆ ಅನ್ನಬೇಕು.